ದುಂಡು ಕೂಸು

ಸುಮಂಗಲಾ ಹುಗ್ಗಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊಂಢವಾದಿಂದ ಹಡಪಸರಕ್ಕೆ ಬಂದಳು. ಅಲ್ಲಿ ಬಸ್ಸು ಬದಲಿಸಿ ಖರಾಡಿಗೆ ಹೊರಟಾಗ ಕೂರಲು ಜಾಗ ಸಿಗಲಿಲ್ಲ. ಡಬ್ಬಿಯನ್ನು ಎದೆಗೆ ಅವಚಿಕೊಂಡೇ ನಿಂತಳು. ಇನ್ನೂ ಬಿಸಿಯಿತ್ತು. ಗೋಧಿಯನ್ನು ಕುಟ್ಟಿ, ಮೆತ್ತಗೆ ಬೇಯಿಸಿ, ಬೆಲ್ಲ ಕರಗಿಸಿ, ಗಸಗಸೆ, ಒಣಕೊಬ್ಬರಿ, ಯಾಲಕ್ಕಿ ಹಾಕಿ ಮಾಡಿದ ಹುಗ್ಗಿ. ಮಗಳು ಅನುಸೂಯಾಗೆ ಆರನೆಯ ತಿಂಗಳು. ಬಸುರಿಗೆ ತವರಿನ ಹುಗ್ಗಿ ಸೇರಬೇಕು ಎನ್ನುವುದು ಸುಮಂಗಲಾಳ ಅತ್ತೆ ಮರೆಮ್ಮ ಹೇಳಿಕೊಟ್ಟು ಹೋದ ಮಾತು. ಮರೆಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆದರೆ ಹುಗ್ಗಿಯ ಹದ ನೋಡುವಾಗ ಸುಮಂಗಲಾ ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದಳು, ಅತ್ತೆ ಬಾಗಿಲಲ್ಲಿ ನಿಂತಿದ್ದಾಳೇನೋ ಎನ್ನುವ ಹಾಗೆ.

ಬಾಗಿಲು ತೆರೆದದ್ದು ಅಳಿಯ ಅಭಿಲಾಷ. ಕೊಳ್ಳೇಗಾಲದ ಕಡೆಯ ಹುಡುಗ, ಅನುಸೂಯಾಳ ಆಫೀಸಿನಲ್ಲೇ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರು.

"ಬನ್ನಿ ಅತ್ತೆ. ಅನು ಒಳಗಡೆ ಇದ್ದಾಳೆ. ಸ್ವಲ್ಪ ಅಪ್‌ಸೆಟ್ ಆಗಿದ್ದಾಳೆ, ನೀವೇ ಮಾತಾಡಿ."

ಅನುಸೂಯಾ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಕೆಂಪಾದ ಕಣ್ಣು.

"ಅವ್ವ, ನನಗ ಶುಗರ್ ಬಂದದ."

"ನಿನಗ? ಯಾರಂದ್ರು?" ಸುಮಂಗಲಾ ಡಬ್ಬಿ ಕೆಳಗಿಡುವುದನ್ನೂ ಮರೆತಳು. "ಒಣಗಿದ ತೊಗರಿಕಟ್ಟಿಗಿ ಹಂಗ ಅದೀ. ನಿನಗೆಲ್ಲಿಂದ ಸಕ್ಕರಿ ಬ್ಯಾನಿ ಬರ್ತದ? ಅದು ನನ್ನಂಥ ವಯಸ್ಸಾದವ್ರಿಗೆ ಬರೂದು."

"ಬಸುರಾಗಿದ್ದಾಗ ಬರ್ತದಂತ. ನಿನ್ನೆ ಸಕ್ಕರಿನೀರು ಕುಡಿಸಿ ರಕ್ತ ತಗೊಂಡ್ರು. ಇವತ್ತ ಫೋನ್ ಬಂತು." ಅನುಸೂಯಾ ಮೂಗೊರೆಸಿಕೊಂಡಳು. "ನನ್ನ ಬಾಜೂಕ ಒಬ್ಬಾಕಿ ಜರ್ಮನಿಯಾಕಿ ಕುಂತಿದ್ಲು ಅವ್ವ. ಕಾಟ್ರಿನ್ ಅಂತ. ಗಂಡ ಚಾಕಣದಾಗ ಕಾರಿನ ಫ್ಯಾಕ್ಟರಿಯೊಳಗಿದ್ದಾನ. ನನ್ನ ಎರಡರಷ್ಟು ಅದಾಳ. ಇಬ್ರೂ ಒಟ್ಟಿಗೇ ಆ ನೀರು ಕುಡದ್ವಿ. ದಿನಾ ಕೇಕ್ ತಿಂತೀನಿ ಅಂತ ನಗಾಡಿದ್ಲು. ಆಕಿದು ಎಲ್ಲಾ ಬರೋಬರಿ ಅದಂತ. ಈಗ ಮೆಸೇಜ್ ಮಾಡ್ಯಾಳ. ನನಗಷ್ಟ ಯಾಕ?"

ಇಂಥ ಹೊತ್ತಿನಲ್ಲಿ ಸುಮಂಗಲಾ ಮಾಡುತ್ತಿದ್ದುದು ಒಂದೇ, ಬಡಿಸುವುದು. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು.

"ಅವ್ವ, ತಗಿಬ್ಯಾಡ. ವಾಸನಿ ಬಂದ್ರ ನನಗ ತಡಿಯಂಗಿಲ್ಲ."

"ಒಂದು ತುತ್ತು ತಿಂದ್ರ ಏನೂ ಆಗಂಗಿಲ್ಲ. ನಾವೆಲ್ಲಾ ಉಂಡು ಹಡದೀವಿ. ನಿಮ್ಮಣ್ಣ ಮಹೇಶ ಹುಟ್ಟಿದಾಗ ಸವಾ ನಾಕು ಕಿಲೊ ಇದ್ದ, ಓಣಿ ಹೆಣ್ಣಮಕ್ಕಳೆಲ್ಲಾ ಬಂದು..."

"ಆ ಪೈಲ್ವಾನನ ಕತಿ ಈಗ ಬ್ಯಾಡ!" ಅನುಸೂಯಾ ಕೂಗಿಬಿಟ್ಟಳು. ಕೂಗಿದ ಮೇಲೆ ಅವಳಿಗೇ ಅಳು ಬಂತು.

ಅಭಿಲಾಷ ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡು ಅಡುಗೆಮನೆಗೆ ಹೋದ. ಅತ್ತೆಯ ಮನಸ್ಸಿಗೆ ನೋವಾಗಬಾರದೆಂದು ನಿಂತುಕೊಂಡೇ ಒಂದು ಬಟ್ಟಲು ಹುಗ್ಗಿ ತಿಂದ. ತುಪ್ಪ ಹಾಕಿಕೊಳ್ಳಬೇಕೆನ್ನುವುದು ಅವನಿಗೆ ಗೊತ್ತಿರಲಿಲ್ಲ. ಸುಮಂಗಲಾ ಬಾಗಿಲಲ್ಲಿ ನಿಂತು ನೋಡಿದಳು.

ಮರಳಿ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪೈಲ್ವಾನನ ಕತೆ ಬೇಡವೆಂದು ಮಗಳು ಹೇಳಿದ್ದಳು. ಆದರೆ ಸುಮಂಗಲಾಳ ಬಳಿ ಇದ್ದ ಸಂತೋಷದ ಕತೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಅವಳು ಸುರಪುರದ ಕಡೆಯ ಹಳ್ಳಿಯಿಂದ ಈ ಮರಾಠಿ ಸೀಮೆಗೆ ಮದುವೆಯಾಗಿ ಬಂದಾಗ ಕೊಂಢವಾ ಊರೂ ಅಲ್ಲ, ಪೇಟೆಯೂ ಅಲ್ಲ. ಕಲ್ಲಿನ ಗಣಿ, ಜೋಳದ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ಏಳುತ್ತಿದ್ದ ಕಟ್ಟಡ. ಗಂಡ ಅವ್ವಣ್ಣ ಗೋಡೆ ಕಟ್ಟುವ ಗೌಂಡಿ. ತಗಡಿನ ಶೆಡ್ಡುಗಳ ಒಂದು ಸಾಲು ಪೂರ್ತಿ ಯಾದಗಿರಿ, ಶಹಾಪುರ, ಸುರಪುರದವರದೇ. ಸಂಜೆ ಎಲ್ಲ ಶೆಡ್ಡುಗಳ ಮುಂದೆಯೂ ಮೂರು ಕಲ್ಲಿನ ಒಲೆ ಹೊತ್ತಿ, ರೊಟ್ಟಿ ಬಡಿಯುವ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿತ್ತು. ಒಬ್ಬರ ಮನೆಯಲ್ಲಿ ಪಲ್ಯೆ ಇಲ್ಲದಿದ್ದರೆ ಪಕ್ಕದವರು ಕೇಳದೆ ಕೊಡುತ್ತಿದ್ದರು. ಸುಮಂಗಲಾ ಮೊದಲ ಸಲ ಬಸುರಾದಾಗ ಮರೆಮ್ಮ ಆ ಸಾಲಿನ ಪ್ರತಿ ಮನೆಗೂ ಹೋಗಿ ಹೇಳಿಬಂದಳು. ಅಂದಿನಿಂದ ಒಬ್ಬೊಬ್ಬರು ಒಂದೊಂದು ದಿನ ಏನಾದರೂ ತರುತ್ತಿದ್ದರು. ಹೋಳಿಗೆ, ಮಾದಲಿ, ಶೇಂಗಾದ ಉಂಡಿ, ಹುಗ್ಗಿ. "ತಿನ್ನವ್ವ, ಎರಡು ಜೀವ ಅದಾವ," ಎಂದು ಮರೆಮ್ಮ ಎದುರು ಕೂತು ತಿನ್ನಿಸುತ್ತಿದ್ದಳು. ಸುಮಂಗಲಾಳ ಕೈಕಾಲು ಕಡ್ಡಿಯಂತೆಯೇ ಉಳಿದವು, ಹೊಟ್ಟೆ ಮಾತ್ರ ನೀರಿನ ಕೊಡದಂತೆ ಬೆಳೆಯಿತು. ಬಾಯಾರಿಕೆಯೋ ಬಾಯಾರಿಕೆ. ಎಷ್ಟು ನೀರು ಕುಡಿದರೂ ಸಾಲದು.

ಮಹೇಶಕುಮಾರ ಹುಟ್ಟಿದಾಗ ದವಾಖಾನೆಯ ಆಯಾ ಮೌಶಿ ತಕ್ಕಡಿಯನ್ನು ಎರಡು ಸಲ ನೋಡಿದಳು. ಕೈಗೆ ಬಳೆ ಇಟ್ಟಂತೆ ಮಡಿಕೆಗಳು, ಕೆನ್ನೆಗಳ ನಡುವೆ ಕಳೆದುಹೋದ ಮೂಗು. "ಅಗ ಬಾಯಿ, ಪೈಲ್ವಾನ ಆಲಾ!" ಪೈಲ್ವಾನ ಬಂದ, ಎಂದು ಅವಳು ಮರಾಠಿಯಲ್ಲಿ ಕೂಗಿದ್ದೇ ಕೂಸಿಗೆ ಅಡ್ಡಹೆಸರಾಯಿತು. ಶೆಡ್ಡಿಗೆ ತಂದ ಮೇಲೆ ಜನ ನೋಡಲು ಬಂದರು. ಕಟ್ಟಡದ ಮಾಲಕರ ಹೆಂಡತಿ ಸಹ ಬಂದು ಎತ್ತಿಕೊಂಡಳು. ಹೊಟ್ಟೆ ತುಂಬ ಉಣ್ಣಲಾರದ ಊರಿನಿಂದ ಬಂದ ಆ ಜನಕ್ಕೆ ದುಂಡು ಕೂಸೆಂದರೆ ಗೆದ್ದ ಹಾಗೆ. ಅವ್ವಣ್ಣ ಕೆಲಸ ಬಿಟ್ಟು ಬಂದು ಮಗನನ್ನು ಅಂಗೈ ಮೇಲೆ ನಿಲ್ಲಿಸಲು ನೋಡಿ ತಾಯಿಯಿಂದ ಬೈಸಿಕೊಂಡ. ಆಗ ಅವನು ಬಹಳ ಮಾತಾಡುವ ಮನುಷ್ಯ. ಗಾರೆ ಕಲೆಸುತ್ತಲೂ ಮಾತು, ಉಣ್ಣುತ್ತಲೂ ಮಾತು.

ಆ ಕತೆಯ ಮುಂದಿನ ಭಾಗವನ್ನು ಸುಮಂಗಲಾ ಯಾರಿಗೂ ಹೇಳುತ್ತಿರಲಿಲ್ಲ. ಬಸ್ಸು ಹಡಪಸರಕ್ಕೆ ಬಂತು. ಅವಳು ಇಳಿದಳು.

ಮುಂದಿನ ವಾರ ಡಾಕ್ಟರರನ್ನು ಕಾಣುವಾಗ ತಾಯಿಯೂ ಬರಬೇಕೆಂದು ಅನುಸೂಯಾ ಫೋನು ಮಾಡಿದಳು. "ಕೂಗಿದ್ದು ಮನಸಿನ್ಯಾಗ ಇಟ್ಕೋಬ್ಯಾಡವ್ವ," ಎಂದೂ ಹೇಳಿದಳು. ಸುಮಂಗಲಾ "ನೀ ಕೂಗಿದ್ದು ಹೊಸದೇನಲ್ಲ ಬಿಡು," ಎಂದಳು. ಇಬ್ಬರೂ ನಕ್ಕರು.

ಡಾಕ್ಟರ್ ಹರಿಣಾಕ್ಷಿ ಪುತ್ತೂರಿನ ಕಡೆಯವರು. ನರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿದ್ದರು. ಕನ್ನಡದವರು ಎಂದು ತಿಳಿದೊಡನೆ ಮರಾಠಿ, ಇಂಗ್ಲಿಷು ಎರಡನ್ನೂ ಬದಿಗಿಟ್ಟರು. ಅನುಸೂಯಾ ಮೊದಲು ಕೇಳಿದ್ದೇ ಕಾಟ್ರಿನ್ ವಿಷಯ.

"ಡಾಕ್ಟರ್, ಆಕೆ ನನ್ನ ಎರಡರಷ್ಟಿದ್ದಾಳೆ. ನನಗೆ ಯಾಕೆ ಬಂತು?"

"ಅವರ ವಿಷಯ ನಾನು ಹೇಳ್ಲಿಕ್ಕಿಲ್ಲ. ನಿಮ್ಮದು ಹೇಳ್ತೇನೆ." ಹರಿಣಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ಒಂದೇ ವಾರ್ಡಿನಲ್ಲಿ ಎಲ್ಲ ದೇಶದ ಬಸುರಿಯರೂ ಇರ್ತಾರೆ. ಬಿಳಿಯರಿಗಿಂತ ನಮ್ಮ ಕಡೆಯವರಿಗೆ, ಇಂಡಿಯಾ ಆಗಲಿ ಪಾಕಿಸ್ತಾನ, ಬಾಂಗ್ಲಾ, ಲಂಕಾ ಆಗಲಿ, ಬಸಿರಿನಲ್ಲಿ ಶುಗರ್ ಬರುವುದು ಎಷ್ಟೋ ಹೆಚ್ಚು. ಬಿಳಿಯರಲ್ಲಿ ತುಂಬ ದಪ್ಪ ಇದ್ದವರನ್ನು ಹುಡುಕಿ ಟೆಸ್ಟ್ ಮಾಡ್ತಾರೆ. ನಮ್ಮವರಾದರೆ ಸಪೂರ ಇದ್ದರೂ ಮಾಡ್ತಾರೆ. ನನಗೆ ಮೊದಲು ಸಿಟ್ಟು ಬರ್ತಿತ್ತು, ನಮ್ಮನ್ನು ಯಾಕೆ ಬೇರೆ ಸಾಲಿನಲ್ಲಿ ನಿಲ್ಲಿಸ್ತಾರೆ ಅಂತ. ಮತ್ತೆ ರಿಪೋರ್ಟು ನೋಡಿ ನೋಡಿ ಗೊತ್ತಾಯ್ತು."

"ನಾವು ಅನ್ನ, ಬೆಲ್ಲ ಭಾಳ ತಿಂತೀವಿ ಅಂತೇನ್ರಿ?" ಸುಮಂಗಲಾ ಕೇಳಿದಳು. ಹುಗ್ಗಿಯ ಡಬ್ಬಿ ಅವಳ ಮನಸ್ಸಿನಲ್ಲಿತ್ತು.

"ಅದೂ ಸ್ವಲ್ಪ ಇರಬಹುದು. ಅದೊಂದೇ ಅಲ್ಲಮ್ಮ. ನಮ್ಮ ಮೈ ನೋಡ್ಲಿಕ್ಕೆ ಸಪೂರ, ಕೊಬ್ಬು ಹೊಟ್ಟೆಯ ಒಳಗೆ ಕೂತಿರ್ತದೆ. ಬಸಿರಿನಲ್ಲಿ ಇನ್ಸುಲಿನ್ ಹೆಚ್ಚು ಬೇಕು, ಅಷ್ಟನ್ನು ಒದಗಿಸ್ಲಿಕ್ಕೆ ನಮ್ಮ ಮೈಗೆ ಕಷ್ಟ ಆಗ್ತದೆ. ಅಮ್ಮ ಅಜ್ಜಿಯಿಂದ ಬಂದದ್ದೂ ಇರ್ತದೆ. ಪೂರ್ತಿ ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲ. ಅನುಸೂಯಾ, ನಿಮ್ಮ ತಪ್ಪು ಏನೂ ಇಲ್ಲ ಇದರಲ್ಲಿ." ಮತ್ತೆ ಸುಮಂಗಲಾಳ ಕಡೆ ತಿರುಗಿದರು. "ನಿಮಗೆ ಶುಗರ್ ಉಂಟು ಅಂತ ಮಗಳು ಬರೆಸಿದ್ದಾರೆ. ಯಾವಾಗಿನಿಂದ?"

"ಭಾಳ ವರ್ಷ ಆತ್ರಿ. ಗುಳಿಗಿ ತಗೋತೀನಿ."

"ನಿಮ್ಮ ಬಸಿರಿನಲ್ಲಿ ಇತ್ತಾ?"

"ಆಗ ಯಾರು ನೋಡ್ತಿದ್ರು ಡಾಕ್ಟರಬಾಯಿ."

"ಮಕ್ಕಳು ಹುಟ್ಟುವಾಗ ತೂಕ ಎಷ್ಟಿತ್ತು, ನೆನಪುಂಟಾ?"

ಸುಮಂಗಲಾಳ ಮುಖ ಅರಳಿತು. ಕೊನೆಗೂ ಅವಳಿಗೆ ಗೊತ್ತಿರುವ ಪ್ರಶ್ನೆ. ಮಗಳ ಕಡೆ ಒಮ್ಮೆ ನೋಡಿ, ಆದರೂ ತಡೆಯಲಾಗದೆ, "ನನ್ನ ಹಿರಿಮಗ ಸವಾ ನಾಕು ಕಿಲೊ ಇದ್ದನ್ರಿ. ನೋಡಾಕ ಜನ ಬರ್ತಿದ್ರು," ಎಂದಳು.

ಹರಿಣಾಕ್ಷಿ ನಗಲಿಲ್ಲ. "ಅವನ ನಂತರ?" ಎಂದರು.

ಸುಮಂಗಲಾ ಸೆರಗಿನ ಅಂಚನ್ನು ಹಿಡಿದಳು. ಮೇಜಿನ ಮೇಲಿದ್ದ ಕನ್ನಡಕವನ್ನೇ ನೋಡುತ್ತ ಕೂತಳು. "ಒಂದು ಹೆಣ್ಣು ಆಗಿತ್ರಿ. ಉಳಿಲಿಲ್ಲ."

ಅಣ್ಣನ ಮತ್ತು ತನ್ನ ನಡುವೆ ಒಂದು ಕೂಸು ಹೋಗಿತ್ತೆಂದು ಅನುಸೂಯಾ ಕೇಳಿದ್ದಳು. ಅದಕ್ಕಿಂತ ಹೆಚ್ಚು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಹುಟ್ಟಿದ ಮೇಲೆ ಹೋಯ್ತಾ, ಹೊಟ್ಟೆಯಲ್ಲೇ?"

"ಹೊಟ್ಟಿಯಾಗ. ಒಂಬತ್ತು ತುಂಬಾಕ ಬಂದಿತ್ತು. ಒಂದಿನ ಮುಂಜಾನಿ ಎದ್ದು ಕುಂತೆ, ಕೂಸು ಮಿಸುಕಾಡ್ಲಿಲ್ಲ. ನಮ್ಮತ್ತಿ ಬೆಲ್ಲದ ನೀರು ಕುಡಿಸಿದ್ಲು, ಹೊಟ್ಟಿ ಮ್ಯಾಲ ಎಣ್ಣಿ ತಿಕ್ಕಿದ್ಲು. ಇಲ್ಲ." ಅವಳ ದನಿ ಎತ್ತರವೂ ಆಗಲಿಲ್ಲ, ತಗ್ಗಲೂ ಇಲ್ಲ. "ಮಹೇಶನಕಿಂತ ದೊಡ್ಡದಿತ್ತು. ತಲಿ ತುಂಬ ಕೂದಲ. ನಾ ತಪ್ಪು ಮಾಡಿದ್ನಿರಿ ಡಾಕ್ಟರಬಾಯಿ. ಎಂಟನೇ ತಿಂಗಳತನಕ ಗಾರಿ ಬುಟ್ಟಿ ಹೊತ್ತಿದ್ನಿ. ಅತ್ತಿ ಬ್ಯಾಡ ಅಂದಿದ್ಲು. ಸ್ಲ್ಯಾಬಿನ ಕೆಲಸ ನಡದಿತ್ತು, ಆಳು ಸಾಲದು. ಹೋದೆ. ಅದಕ್ಕ ಹೋತು ಅದು."

"ಆ ಬಸಿರಿನಲ್ಲೂ ತುಂಬ ಬಾಯಾರಿಕೆ ಇತ್ತಾ?"

"ಕೊಡ ಕೊಡ ನೀರು ಕುಡೀತಿದ್ನಿ."

ಹರಿಣಾಕ್ಷಿ ಕುರ್ಚಿಯಿಂದ ಎದ್ದು ಬಂದು ಸುಮಂಗಲಾಳ ಪಕ್ಕದಲ್ಲಿ ಕೂತರು.

"ಅಮ್ಮ, ಇಷ್ಟು ವರ್ಷದ ಮೇಲೆ ಇದೇ ಅಂತ ಆಣೆ ಮಾಡಿ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಆದರೆ ನೀವು ಹೇಳಿದ್ದನ್ನು ಯಾವ ಡಾಕ್ಟರಿಗೆ ಹೇಳಿದರೂ ಅವರು ಮೊದಲು ಬುಟ್ಟಿಯ ಬಗ್ಗೆ ಯೋಚಿಸುವುದಿಲ್ಲ, ಶುಗರಿನ ಬಗ್ಗೆ ಯೋಚಿಸ್ತಾರೆ. ತಾಯಿಯ ರಕ್ತದ ಸಕ್ಕರೆ ಮಗುವಿಗೂ ಹೋಗ್ತದೆ. ಮಗು ದಪ್ಪ ಆಗ್ತದೆ. ದಪ್ಪ ಮಗು ಅಂದ್ರೆ ಗಟ್ಟಿ ಮಗು ಅಂತ ನಾವೆಲ್ಲ ಅಂದುಕೊಳ್ತೇವೆ. ಸಕ್ಕರೆ ತುಂಬ ಏರಿದರೆ ಕೊನೆಯ ದಿನಗಳಲ್ಲಿ ಕೆಲವು ಮಕ್ಕಳು ಹೀಗೆ ಹೊಟ್ಟೆಯಲ್ಲೇ ಹೋಗಿಬಿಡ್ತವೆ. ನಿಮ್ಮ ಮಹೇಶ ಪುಣ್ಯವಂತ, ಪಾರಾದ. ನೀವು ಏನೂ ತಪ್ಪು ಮಾಡಿಲ್ಲ."

ಸುಮಂಗಲಾ ತಲೆಯಾಡಿಸಿದಳು. ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ.

"ಮತ್ತ ಇಕಿ ಹೆಂಗ ಉಳಿದ್ಲು?" ಎಂದಳು ಕೊನೆಗೆ, ಮಗಳನ್ನು ತೋರಿಸಿ. "ಇಕಿ ಹೊಟ್ಟ್ಯಾಗಿದ್ದಾಗ ನಮ್ಮನಿಯವ್ರು ನನ್ನ ಕೆಲಸಕ್ಕ ಹಚ್ಚಲಿಲ್ಲ. ಅದಕ್ಕ ಉಳಿದ್ಲು ಅಂತ ತಿಳ್ಕೊಂಡೀನಿ. ನಮ್ಮತ್ತಿ ತಿಂಥಣಿ ಮೌನಪ್ಪಗ ಹರಕಿ ಹೊತ್ತಿದ್ಲು. ಕೂಸು ಕೈಗೆ ಬರೂತನಕ ಸೊಸಿ ಬಾಯಿಗೆ ಬೆಲ್ಲ ಸಕ್ಕರಿ ಮುಟ್ಟಸಂಗಿಲ್ಲ ಅಂತ. ಬರೇ ರೊಟ್ಟಿ, ಪುಂಡಿಪಲ್ಯೆ, ಹೆಸರಬ್ಯಾಳಿ. ಹಬ್ಬದಾಗೂ ಇಲ್ಲ. ಬೀದ್ಯಾಗ ಯಾರರೆ ಹೋಳಿಗಿ ಕೊಟ್ರ ಆಕಿನೂ ತಿಂತಿದ್ದಿಲ್ಲ, ನನಗೂ ಕೊಡ್ತಿದ್ದಿಲ್ಲ."

ಹರಿಣಾಕ್ಷಿ ಮೆಲ್ಲಗೆ ನಕ್ಕರು. "ದೇವರು ಕೇಳಿಸಿಕೊಂಡನೋ ಏನೋ ನನಗೆ ಗೊತ್ತಿಲ್ಲ. ನಿಮ್ಮ ಮೈ ಅಂತೂ ಕೇಳಿಸಿಕೊಂಡಿತು. ನಾನು ಇವತ್ತು ನಿಮ್ಮ ಮಗಳಿಗೆ ಹೇಳುವುದೂ ಹೆಚ್ಚು ಕಡಿಮೆ ಅದೇ. ಆದರೆ ಅಷ್ಟೇ ಸಾಲದು. ದಿನಾ ರಕ್ತ ನೋಡಬೇಕು, ಬೇಕಾದರೆ ಇನ್ಸುಲಿನ್ ಕೊಡ್ತೇವೆ."

ಆಸ್ಪತ್ರೆಯ ಹೊರಗೆ ಅನುಸೂಯಾ ತಾಯಿಯ ತೋಳಿನಲ್ಲಿ ತೋಳು ಸೇರಿಸಿದಳು. ರಿಕ್ಷಾಗಳ ಸದ್ದು, ಐಟಿ ಪಾರ್ಕಿನಿಂದ ಊಟಕ್ಕೆ ಹೊರಬಿದ್ದ ಹುಡುಗ ಹುಡುಗಿಯರು.

"ಅವ್ವ, ಆಕಿಗೆ ಹೆಸರು ಇಟ್ಟಿದ್ರೇನು?"

"ಅಳದ ಕೂಸಿಗೆ ಹೆಸರಿಡಂಗಿಲ್ಲ." ಒಂದಷ್ಟು ದೂರ ನಡೆದ ಮೇಲೆ ಸುಮಂಗಲಾ ಹೇಳಿದಳು, "ನಿಮ್ಮಪ್ಪಗ ಹೇಳಬೇಕು."

ಅವ್ವಣ್ಣ ಈಗ ಗೌಂಡಿ ಕೆಲಸ ಬಿಟ್ಟಿದ್ದ. ಮೊಳಕಾಲು ಹಿಡಿದುಕೊಂಡಿದ್ದವು. ಮಗ ಮಹೇಶಕುಮಾರ ವೈರಿಂಗಿನ ಕೆಲಸಗಳನ್ನು ಹಿಡಿದು ಶಿರೂರಿನಲ್ಲಿ ಹೆಂಡತಿಯ ಜೊತೆ ನೆಲೆಸಿದ್ದ. ಕೊಂಢವಾದ ಎರಡು ಕೋಣೆಗಳಲ್ಲಿ ಗಂಡಹೆಂಡತಿ ಇಬ್ಬರೇ. ಸಂಜೆ ಅವ್ವಣ್ಣ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡುತ್ತಿದ್ದ. ಅವನ ಬಾಯಿಂದ ದಿನಕ್ಕೆ ನಾಲ್ಕು ಮಾತು ಹೊರಟರೆ ಹೆಚ್ಚು. ಅಕ್ಕಪಕ್ಕದ ಹೊಸಬರು ಅವನ ಸ್ವಭಾವವೇ ಹಾಗೆ ಎಂದುಕೊಂಡಿದ್ದರು. ಹಳಬರಿಗೆ ಮಾತ್ರ ಗೊತ್ತಿತ್ತು, ಆ ಹೆಣ್ಣುಕೂಸು ಹೋದ ವರ್ಷವೇ ಅವನ ಮಾತೂ ಹೋಯಿತೆಂದು.

ಸುಮಂಗಲಾ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದಳು. ನಮ್ಮ ಕಡೆಯ ಹೆಂಗಸರ ಮೈಯ ವಿಷಯ, ಸಕ್ಕರೆಯ ವಿಷಯ, ದುಂಡು ಕೂಸಿನ ವಿಷಯ. ಅವ್ವಣ್ಣ ಚಹಾ ಕುಡಿಯದೆ ಕೇಳಿದ.

"ಬುಟ್ಟಿ ಹೊತ್ತಿದ್ದಕ್ಕ ಅಲ್ಲಂತ?"

"ಅಲ್ಲಂತ್ರಿ. ಅದಕ್ಕಂತ ಡಾಕ್ಟರಬಾಯಿಗೆ ಅನಸಂಗಿಲ್ಲಂತ."

"ಖರೇನ ಹಂಗಂದ್ರೇನು?"

"ನನ್ನ ಬಾಜೂಕ ಬಂದು ಕುಂತು ಅಂದ್ರು. ಅನುನೂ ಇದ್ದಳು, ಕೇಳ್ರಿ ಬೇಕಾದ್ರ."

ಅವ್ವಣ್ಣ ಬಟ್ಟಲನ್ನು ಕಟ್ಟೆಯ ಮೇಲಿಟ್ಟ. "ಆ ಸ್ಲ್ಯಾಬಿನ ದಿನ ಮುಂಜಾನಿ ನೀ ಬರಂಗಿಲ್ಲ ಅಂದಿದ್ದಿ," ಎಂದ. "ನಡ ನೋಯ್ತದ ಅಂತ ಅಂದಿದ್ದಿ. ಸ್ಲ್ಯಾಬ್ ಮುಗಿಲಿ, ಇವತ್ತೊಂದಿನ ಬಾ ಅಂತ ನಾನ ಕರಕೊಂಡು ಹೋದೆ."

ಸುಮಂಗಲಾಳಿಗೆ ಅದು ನೆನಪೇ ಇರಲಿಲ್ಲ. ಅತ್ತೆಯ ಮಾತು ಮೀರಿ ತಾನಾಗಿಯೇ ಹೋದೆನೆಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ತಾನೇ ಕರೆದೊಯ್ದೆನೆಂದು ಇವನು. ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯ ರೊಟ್ಟಿ ಮುರಿದು ತಿನ್ನುತ್ತ, ಇಬ್ಬರೂ ಬೇರೆ ಬೇರೆಯಾಗಿ ಅದೇ ಭಾರವನ್ನು ಹೊತ್ತಿದ್ದರು. ಅವಳಿಗೆ ಅಳು ಬರಲಿಲ್ಲ. ಗಂಡನ ಮೇಲೆ ಸಿಟ್ಟು ಬಂತು.

"ಒಂದು ಮಾತು ಬಾಯಿ ಬಿಟ್ಟು ಅನ್ನಾಕ ಏನಾಗಿತ್ರಿ ನಿಮಗ?"

"ನೀನರೆ ಅಂದಿದ್ದೇನು?"

ಸುಮಂಗಲಾ ಆರಿದ ಚಹಾ ಎತ್ತಿಕೊಂಡು ಬಿಸಿಮಾಡಲು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅವ್ವಣ್ಣ ಅಂಗಿ ಹಾಕಿಕೊಂಡು, "ನಡಿ, ಬಾ," ಎಂದ. ಎಲ್ಲಿಗೆಂದು ಹೇಳಲಿಲ್ಲ. ಅವನ ಮೊಳಕಾಲಿನ ವೇಗದಲ್ಲಿ ಇಬ್ಬರೂ ನಡೆದರು. ಹಳೆಯ ಶೆಡ್ಡುಗಳ ಸಾಲು ಇದ್ದಲ್ಲಿ ಈಗ ಔಷಧಿ ಅಂಗಡಿ, ಬೇಕರಿ, ಮೊಬೈಲು ರಿಪೇರಿ. ಅದರಾಚೆ ಹಳ್ಳದ ದಂಡೆ, ಜಾಲಿಮರಗಳು. ಅಲ್ಲಿಯೇ ಆ ಕೂಸನ್ನು ಮಣ್ಣು ಮಾಡಿದ್ದರು. ಸುಮಂಗಲಾಳನ್ನು ಆಗ ಕರೆದುಕೊಂಡು ಹೋಗಿರಲಿಲ್ಲ, ಬಾಣಂತಿ ಹೊರಗೆ ಬರಬಾರದೆಂದು. ಜಾಗ ಯಾವುದೆಂದು ಅವಳು ಎಂದೂ ಕೇಳಿರಲಿಲ್ಲ. ಈಗ ಹಳ್ಳವನ್ನು ಕಾಂಕ್ರೀಟಿನಲ್ಲಿ ಕಟ್ಟಿ, ಪಕ್ಕದಲ್ಲಿ ಹನ್ನೆರಡು ಮಾಳಿಗೆಯ ವಸತಿ ಸೊಸೈಟಿ ಎದ್ದಿತ್ತು. ಅವ್ವಣ್ಣ ಅದರ ಹಿಂದಿನ ಗೋಡೆಯ ಮೂಲೆಗೆ ಬಂದು ನಿಂತ.

"ಇಲ್ಲಿ."

ಹೊರಗಿನಿಂದ ಕಾಣುವುದು ಕಲ್ಲಿನ ಗೋಡೆ, ಮೇಲೆ ತಂತಿ, ಗೋಡೆಯ ಬುಡದಲ್ಲಿ ತನ್ನಷ್ಟಕ್ಕೆ ಬೆಳೆದ ಹುಲ್ಲು.

"ಈ ಸೊಸೈಟಿ ಕೆಲಸ ಸುರು ಆದಾಗ ನಾ ಬಂದು ಕೆಲಸ ಕೇಳಿದ್ನಿ," ಎಂದ ಅವ್ವಣ್ಣ. "ನೀ ಅಂದಿದ್ದಿ, ಚಲೋ ಕೆಲಸ ಬಿಟ್ಟು ಇಲ್ಲಿಗ್ಯಾಕ ಹೋಗ್ತೀರಿ ಅಂತ. ಜಗಳಾ ಮಾಡಿದ್ದಿ. ಜೆಸಿಬಿ ಇಲ್ಲಿ ಅಗಿಯೂ ದಿನ ನಾ ಮುಂದ ನಿಂತಿದ್ನಿ. ಏನೂ ಸಿಗಲಿಲ್ಲ, ಬರೇ ಕರಿಮಣ್ಣು. ಈ ಮೂಲಿ ಗ್ವಾಡಿ ನನಗ ಕೊಡ್ರಿ ಅಂತ ಮೇಸ್ತ್ರಿಗೆ ಹೇಳಿ ಇಸ್ಕೊಂಡೆ. ಇದು ಅಲ್ಲಿಂದ ಇಲ್ಲೀತನಕ ನಾನ ಕಟ್ಟೀದು."

ಸುಮಂಗಲಾ ಗೋಡೆಯನ್ನು ಮುಟ್ಟಿದಳು. ಕಲ್ಲುಗಳ ನಡುವಿನ ಗಾರೆಯ ಗೆರೆ ನೂಲು ಹಿಡಿದಂತೆ ನೇರವಾಗಿತ್ತು. ಅವಳು ಅಳತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಊರಿನ ಹೆಂಗಸರು ಅಳುವ ಹಾಗೆ ದನಿ ತೆಗೆದು, ಕೂಸಿನ ಕೂದಲನ್ನು ನೆನೆದು, ಮರೆಮ್ಮನನ್ನು ನೆನೆದು. ಗೇಟಿನ ಕಡೆಯಿಂದ ವಾಚಮನ್ ಓಡಿಬಂದ. "ಕಾಯ ಝಾಲ ಆಜಿ?" ಎಂದ, ಏನಾಯಿತಜ್ಜಿ ಎಂದು. "ಕಾಹಿ ನಾಹಿ ಬಾಬಾ, ಜುನಿ ಗೋಷ್ಟ ಆಹೆ," ಎಂದ ಅವ್ವಣ್ಣ, ಹಳೆಯ ವಿಷಯ ಎಂದು. ವಾಚಮನ್ ಒಂದು ಕ್ಷಣ ನಿಂತು ನೋಡಿ, ಹೋಗಿ ನೀರಿನ ಬಾಟಲಿ ತಂದುಕೊಟ್ಟ.

ಅಲ್ಲಿಂದ ಮುಂದಿನ ತಿಂಗಳುಗಳನ್ನು ಸುಮಂಗಲಾ ಖರಾಡಿಯಲ್ಲೇ ಕಳೆದಳು. ಅನುಸೂಯಾ ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುವುದು ಕಲಿತಳು. ತಾಯಿಯದನ್ನೂ ಅದರಲ್ಲೇ ನೋಡಿ, ಗುಳಿಗೆ ತಪ್ಪಿಸಿದ ದಿನ ಹಿಡಿದು ಬೈದಳು. ಅಭಿಲಾಷ ಊರಿನಿಂದ ರಾಗಿಹಿಟ್ಟು ತರಿಸಿ, "ಮುದ್ದೆ ಒಳ್ಳೇದು ಅತ್ತೆ," ಎಂದ. ಸುಮಂಗಲಾ, "ಜ್ವಾಳದ ರೊಟ್ಟಿ ಅದಕ್ಕಿಂತ ಚಲೋ," ಎಂದಳು. ವಾದ ಡಾಕ್ಟರರ ತನಕ ಹೋಯಿತು. ಹರಿಣಾಕ್ಷಿ, "ಯಾವುದಾದರೂ ತಿನ್ನಿ, ಸ್ವಲ್ಪ ತಿನ್ನಿ, ಜೊತೆಗೆ ಬೇಳೆ ಸೊಪ್ಪು ಜಾಸ್ತಿ ಇರಲಿ," ಎಂದು ಇಬ್ಬರನ್ನೂ ಸೋಲಿಸಿದರು. ಸಂಜೆ ತಾಯಿಮಗಳು ತಮ್ಮ ಸೊಸೈಟಿಯ ಸುತ್ತ ನಡೆಯುತ್ತಿದ್ದರು. ಒಮ್ಮೊಮ್ಮೆ ಕಾಟ್ರಿನ್ ಸಹ ಜೊತೆಗೂಡುತ್ತಿದ್ದಳು. ಅನುಸೂಯಾಳ ಮುಂದೆ ಅವಳು ಈಗ ಕೇಕಿನ ಮಾತೆತ್ತುತ್ತಿರಲಿಲ್ಲ. ಭಾಷೆ ಬಾರದ ಸುಮಂಗಲಾ ಅವಳ ಹೊಟ್ಟೆ ನೋಡಿ, ಸನ್ನೆಯಲ್ಲಿ ಹೆಣ್ಣೇ ಎಂದು ಭವಿಷ್ಯ ಹೇಳುತ್ತಿದ್ದಳು. ಅವಳ ಭವಿಷ್ಯ ತಪ್ಪಾಯಿತು, ಕಾಟ್ರಿನ್‌ಗೆ ಗಂಡುಮಗುವಾಯಿತು.

ಎಂಟನೆಯ ತಿಂಗಳಲ್ಲಿ ಸಕ್ಕರೆ ಪಥ್ಯಕ್ಕೆ ಬಗ್ಗಲಿಲ್ಲ. ಇನ್ಸುಲಿನ್ ಶುರುಮಾಡಿದರು. ಆ ದಿನ ಅನುಸೂಯಾ ಸೋತುಹೋದಳು. "ಇಷ್ಟು ಮಾಡಿದ್ರೂ ಸೂಜಿ ಬಂತಲ್ಲವ್ವ," ಎಂದಳು. ಸುಮಂಗಲಾ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಎಣ್ಣೆ ಹಚ್ಚುತ್ತ, ಹಳೆಯ ಕತೆಗಳನ್ನು ಹೇಳಿದಳು. ಪೈಲ್ವಾನನದ್ದಲ್ಲ. ಮರೆಮ್ಮ ಹರಕೆಯ ತಿಂಗಳುಗಳಲ್ಲಿ ಸೊಸೆಗಾಗಿ ತಾನೂ ಸಿಹಿ ಬಿಟ್ಟು, ಬೆಲ್ಲದ ವಾಸನೆ ಬಂದರೆ ಮುಖ ತಿರುಗಿಸಿ ನಿಲ್ಲುತ್ತಿದ್ದುದನ್ನು. ಅನುಸೂಯಾ ಹುಟ್ಟಿದ ದಿನ, ತೂಕ ಸಾಧಾರಣ ಎಂದು ಮೌಶಿ ಹೇಳಿದಾಗ ಮರೆಮ್ಮ, "ಸಾಧಾರಣ ಇರಲಿ, ಅಳ್ತದಲ್ಲ, ಅಷ್ಟ ಸಾಕು," ಎಂದು ದವಾಖಾನೆಯ ನೆಲದ ಮೇಲೇ ಕೂತುಬಿಟ್ಟದ್ದನ್ನು. ಅನುಸೂಯಾ ಕೇಳುತ್ತ ಕೇಳುತ್ತ ನಿದ್ದೆ ಹೋದಳು.

ದಿನ ಪೂರ್ತಿ ತುಂಬುವ ತನಕ ಕಾಯದೆ ಹರಿಣಾಕ್ಷಿ ನೋವು ಬರಿಸಿದರು. ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ಕೂಸು ಮೂರು ಕಿಲೊಗಿಂತ ಸ್ವಲ್ಪ ಕಡಿಮೆ. ನರ್ಸು ಬಂದು ಅದರ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದಾಗ ಅದು ಕಿರುಚಿದ ಪರಿಗೆ ಹೊರಗೆ ನಿಂತಿದ್ದ ಅಭಿಲಾಷ ಬೆಚ್ಚಿದ. ಸುಮಂಗಲಾ ಕಿವಿಗೊಟ್ಟು ಆ ಕಿರುಚುವಿಕೆಯನ್ನು ಕೊನೆಯ ತನಕ ಕೇಳಿದಳು. ಸಕ್ಕರೆ ಸರಿಯಾಗಿತ್ತು. ಒಂದೂವರೆ ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಅನುಸೂಯಾಳದ್ದೂ ಇಳಿದಿತ್ತು. ಆದರೂ ಪ್ರತಿ ವರ್ಷ ನೋಡಿಸಿಕೊಳ್ಳಬೇಕು, ಈ ಕಾಯಿಲೆ ಮರಳಿ ಬರುವ ದಾರಿ ಬಲ್ಲದು ಎಂದು ಡಾಕ್ಟರರು ಎಚ್ಚರಿಸಿದರು.

ಹೆರಿಗೆಯಾದ ಮೇಲೆ ಬಾಣಂತನಕ್ಕೆ ಮಗಳು ಕೊಂಢವಾಕ್ಕೇ ಬಂದಿದ್ದಳು. ಬೆಳಿಗ್ಗೆ ಸುಮಂಗಲಾ ಕಾಲು ಚಾಚಿ ಕೂತು ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಅವ್ವಣ್ಣನ ಕೈಗೆ ಕೊಡುತ್ತಿದ್ದಳು. ಅವನು ಅದನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕೂರುತ್ತಿದ್ದ. ಒಂದು ದಿನ ಒಳಗೆ ರೊಟ್ಟಿ ಬಡಿಯುತ್ತಿದ್ದ ಸುಮಂಗಲಾ ಕೈ ನಿಲ್ಲಿಸಿದಳು. ಹೊರಗೆ ಯಾರೋ ಬಿಡದೆ ಮಾತಾಡುತ್ತಿದ್ದರು. ಯಾರು ಬಂದಿರಬಹುದೆಂದು ಕಿವಿಗೊಟ್ಟಳು.

"...ಅಲ್ಲಿ ನೋಡು, ಆ ಬ್ಯಾಂಕ್ ಅದಲ್ಲ, ಅಲ್ಲೊಂದು ಬಾವಿ ಇತ್ತು. ಸೀ ನೀರಿನ ಬಾವಿ. ನಿಮ್ಮ ಮುತ್ತಜ್ಜಿ ಅಲ್ಲಿಂದ ನೀರು ತರ್ತಿದ್ಲು. ಅದರ ಆಚಿ ಬಾಜೂಕ ಶಿವಪ್ಪನ ಚಾದ ಅಂಗಡಿ. ಕನ್ನಡದಾಗ ಉದ್ರಿ ಕೇಳಿದ್ರ ಇಲ್ಲ ಅಂತಿದ್ದಿಲ್ಲ ಅಂವ..."

ಬಾಣಂತಿ ಕೋಣೆಯಿಂದ ಅನುಸೂಯಾ ಕತ್ತು ಚಾಚಿ ನೋಡಿ, "ಅವ್ವ, ಅಪ್ಪ ಯಾರ ಕೂಡ ಮಾತಾಡ್ಲಿಕ್ಕತ್ತಾನ?" ಎಂದಳು.

ಸುಮಂಗಲಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಕೂಸು ಕಣ್ಣು ಕಿರಿದು ಮಾಡಿ ಅಜ್ಜನ ಬಾಯಿಯನ್ನೇ ನೋಡುತ್ತಿತ್ತು.

"ಕೂಸಿಗೆ ಸುಳ್ಳ ಹೇಳಬ್ಯಾಡ್ರಿ," ಎಂದಳು ಅವಳು. "ಬಾವಿ ಬ್ಯಾಂಕಿನ ಹತ್ತಿರ ಇರಲಿಲ್ಲ. ಇತ್ಲಾಗ, ಮಸೂತಿ ರಸ್ತೆಕ ಇತ್ತು."

"ನಿನಗೇನು ಗೊತ್ತು? ಹಗ್ಗ ಹಿಡದು ಇಳದು ಹೂಳು ತಗದಾಂವ ನಾನು."

"ನೀರು ಹೊತ್ತಾಕಿ ನಾನು," ಎಂದಳು ಸುಮಂಗಲಾ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಾವಿ ಎಲ್ಲಿತ್ತೆಂದು ತೋರಿಸಲು ಕಟ್ಟೆಗೆ ಇಳಿದಳು.